ಯಾವ ನೀರು ಎಂದು ಕೇಳಲಿಲ್ಲ

ಸೀಬಾ, ಮಾರ್ಚ್ 11, 1964

ತಮ್ಮ ಗಾಲಿಬ್‌ಗೆ ಅಕ್ಕ ಬದ್ರಿಯಾಳ ಸಲಾಮು.

ನೀನು ಹೋದಮೇಲೆ ಒಂದು ಬೇಸಿಗೆ, ಒಂದು ಚಳಿಗಾಲ ಕಳೆಯಿತು. ಬಂದದ್ದು ಒಂದೇ ಕಾಗದ. ಅದರಲ್ಲೂ ಹ್ಯಾಂಬರ್ಗಿನ ಮಂಜು, ಹ್ಯಾಂಬರ್ಗಿನ ಬ್ರೆಡ್ಡು, ಹ್ಯಾಂಬರ್ಗಿನ ಟ್ರಾಮು. ಅಪ್ಪ ತೀರಿಕೊಂಡ ದಿನ ಬಂದು ಹೋಯಿತು, ಅದರ ಬಗ್ಗೆ ಒಂದು ಸಾಲೂ ಇಲ್ಲ. ಮರೆತೆಯೋ, ಬರೆಯಲು ಮನಸ್ಸಾಗಲಿಲ್ಲವೋ, ನಿನಗೇ ಗೊತ್ತು.

ಈಗ ಇಲ್ಲಿ ಖರ್ಜೂರದ ಮರಗಳಿಗೆ ಗಂಡು ಹೂವು ಕಟ್ಟುವ ಕಾಲ. ದಖೀಲನ ಆಳುಗಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಪ್ಪನ ಮರಗಳನ್ನು ಹತ್ತುತ್ತಿದ್ದಾರೆ. ನಮಗೆ ಉಳಿದಿರುವುದು ಅಂಗಳದ ಒಂದು ಬರ್ಹೀ ಖರ್ಜೂರದ ಮರ. ಅದರ ಬುಡದಲ್ಲಿ ಕೂತು ನೋಡುತ್ತೇನೆ.

ನೀನು ಆಗ ಚಿಕ್ಕವನು, ಅದಕ್ಕೇ ಮತ್ತೆ ಹೇಳುತ್ತೇನೆ. ದಖೀಲ್ ಅಪ್ಪನ ದೊಡ್ಡಪ್ಪನ ಮಗ, ನಮ್ಮದೇ ರಕ್ತ. ಬೇಲಿಯ ಜಗಳದಲ್ಲಿ ಅವನು ಮಾಡಿದ್ದೇನು? ನಮ್ಮ ಕಾಲುವೆಯ ಬಾಯಿಗೆ ಮಣ್ಣಿನ ಒಡ್ಡು ಹಾಕಿಸಿದ. ದಿನಕ್ಕೆರಡು ಸಲ ಉಬ್ಬರ ಬಂದು ಷತ್ತ್ ನದಿಯ ಸಿಹಿನೀರನ್ನು ಕಾಲುವೆಗೆ ಎತ್ತಿ ಕೊಡುತ್ತದೆ, ಮರಗಳು ಕುಡಿಯುವುದು ಅದನ್ನೇ. ಆ ಬೇಸಿಗೆ ಉಬ್ಬರ ಒಡ್ಡಿನವರೆಗೆ ಬಂದು ವಾಪಸು ಹೋಗುತ್ತಿತ್ತು. ಅಪ್ಪ ಉರಿಬಿಸಿಲಲ್ಲಿ ಸನಿಕೆ ಹಿಡಿದು ಒಡ್ಡು ಅಗೆಯಲು ಇಳಿದರು. ದಖೀಲ್ ದಡದ ಮೇಲೆ ನಿಂತಿದ್ದ. ಅಪ್ಪ ಕೆಸರಲ್ಲಿ ಬಿದ್ದಾಗ ಅವನು ಆಳುಗಳಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ನಾಟಕ ಆಡ್ತಿದಾನೆ, ಬಿಡ್ರೋ. ತಾನೇ ಏಳ್ತಾನೆ." ಅಪ್ಪ ಏಳಲಿಲ್ಲ. ಹಿರಿಯರು ಮುದೀಫಿನಲ್ಲಿ, ಅದೇ ಜೊಂಡಿನ ಚಾವಡಿಯಲ್ಲಿ, ಕೂತು ಕಾಫಿ ಕುಡಿದು, ಮನೆಯಲ್ಲಿ ದೊಡ್ಡ ಗಂಡಸಿಲ್ಲ, ತೋಟವನ್ನು ದಖೀಲನೇ ನೋಡಿಕೊಳ್ಳಲಿ ಎಂದರು. ಅಂದಿನಿಂದ ನೋಡಿಕೊಳ್ಳುತ್ತಲೇ ಇದ್ದಾನೆ.

ಅದು ಸಾಲದು ಅಂತ ನನ್ನ ಮೇಲೆ ನಹ್ವಾ ಹಾಕಿದ. ದೋಣಿಯ ಯಾಕೂಬ್ ಮನೆಯವರು ನನ್ನನ್ನು ಕೇಳಿಕೊಂಡು ಬಂದ ದಿನ, "ಇವಳು ನಮ್ಮ ಕುಲದ ಹುಡುಗಿ, ನನ್ನ ಮಗನಿಗೆ ಬೇಕು, ಹೊರಗಿನವರು ಕೇಳಬಾರದು" ಅಂದ. ಬಂಧುವಿನ ಬಾಯಿಂದ ಆ ಮಾತು ಬಂದಮೇಲೆ ಯಾರು ತಾನೇ ಕೇಳುತ್ತಾರೆ? ಮುಂದಿನ ವರ್ಷ ಅವನ ಮಗ ಬಸ್ರಾದ ಹುಡುಗಿಯನ್ನು ಕಟ್ಟಿಕೊಂಡ. ನಹ್ವಾ ಮಾತ್ರ ಇವತ್ತಿಗೂ ಎತ್ತಿಲ್ಲ. ನನ್ನ ಕೂದಲು ನೆರೆಯುತ್ತಿದೆ.

ಅವನ ತೋಟ ನನ್ನ ಕಣ್ಣೆದುರು ಒಣಗಬೇಕು. ಅದನ್ನು ನೋಡದೆ ನಾನು ಕಣ್ಣು ಮುಚ್ಚುವುದಿಲ್ಲ. ಅಪ್ಪನ ಗೋರಿಯ ಮೇಲೆ ಕೈಯಿಟ್ಟು ನೀನೂ ಇದೇ ಮಾತು ಹೇಳಿದ್ದೆ.

ನೀನು ಓದುವುದಾದರೂ ಏನು? ಊರವರು ಕೇಳುತ್ತಾರೆ. ನದಿಯ ಮರಳು ಅಂದರೆ ನಗುತ್ತಾರೆ. "ಮರಳು ನೋಡೋಕೆ ಜರ್ಮನಿ ತನಕ ಹೋಗ್ಬೇಕಿತ್ತಾ? ಕುವೈತ್ ಕಡೆ ಮುಖ ಮಾಡಿ ನಿಂತಿದ್ರೆ ಸಾಕಿತ್ತಲ್ಲ" ಅಂತಾರೆ. ಏನಾದರೂ ಹೇಳಿಕೊಡು, ಬಾಯಿ ಮುಚ್ಚಿಸುತ್ತೇನೆ. ಊರಿನ ಕಾಗದಗಳನ್ನೆಲ್ಲ ಈಗಲೂ ನಾನೇ ಓದಿ ಹೇಳುವುದು, ಆದ್ದರಿಂದ ಅಕ್ಷರ ಬಿಡಿಸಿ ಬರೆ.

ನಿನ್ನ ಅಕ್ಕ
ಬದ್ರಿಯಾ


ಹ್ಯಾಂಬರ್ಗ್, ಏಪ್ರಿಲ್ 19, 1964

ಪ್ರೀತಿಯ ಅಕ್ಕನಿಗೆ,

ನಾನು ಯಾವುದನ್ನೂ ಮರೆತಿಲ್ಲ. ಬರೆದರೆ ನಿನ್ನ ಗಾಯ ಕೆದಕಿದಂತಾಗುತ್ತದೆ ಎಂದು ಸುಮ್ಮನಿದ್ದೆ. ಆ ಮನುಷ್ಯನ ಲೆಕ್ಕವನ್ನು ದೇವರಿಗೆ ಬಿಡು ಅಕ್ಕ. ನಿನ್ನ ಆರೋಗ್ಯ ನೋಡಿಕೋ.

ನನ್ನ ಓದಿನ ಬಗ್ಗೆ ಕೇಳಿದ್ದು ಸಂತೋಷವಾಯಿತು. ಇಲ್ಲಿ ನಮ್ಮ ಪ್ರಯೋಗಶಾಲೆಯಲ್ಲಿ ಉದ್ದನೆಯ ಗಾಜಿನ ತೊಟ್ಟಿಯೊಂದಿದೆ. ತಳದಲ್ಲಿ ಮರಳು ಹರಡಿ, ಮೇಲೆ ನೀರನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಹರಿಸುತ್ತೇವೆ, ಉಬ್ಬರ ಇಳಿತದ ಹಾಗೆ. ಸಮತಟ್ಟಾಗಿದ್ದ ಮರಳು ನೋಡನೋಡುತ್ತಿದ್ದಂತೆ ದಿಬ್ಬ ದಿಬ್ಬವಾಗಿ ಏಳುತ್ತದೆ. ಮರಳಿನ ಕಣ ದಿಬ್ಬದ ಇಳಿಜಾರು ಬೆನ್ನನ್ನು ಹತ್ತಿ, ಕಡಿದಾದ ಬದಿಯಿಂದ ಕೆಳಗೆ ಉರುಳುತ್ತದೆ. ಹೀಗೆ ಉರುಳಿ ಉರುಳಿ ಇಡೀ ದಿಬ್ಬವೇ ಮುಂದಕ್ಕೆ ತೆವಳುತ್ತದೆ. ಮರುಭೂಮಿಯ ದಿಬ್ಬಕ್ಕೆ ಗಾಳಿ ಮಾಡುವುದನ್ನು ಇಲ್ಲಿ ನೀರು ಮಾಡುತ್ತದೆ. ಕುವೈತ್ ಕಡೆ ನೋಡು ಅಂದವರ ಮಾತೂ ಪೂರ್ತಿ ಸುಳ್ಳಲ್ಲ ಎಂದು ಹೇಳು.

ನಮ್ಮ ಷತ್ತಿನ ತಳದಲ್ಲೂ ಇವು ಇವೆ. ಬಂದರಿನ ಅಳತೆ ದೋಣಿಯಲ್ಲಿ ಕೆಲಸಕ್ಕಿದ್ದಾಗ ಸೀಬಾದ ಕೆಳಗೆ ಸೀಸದ ಗುಂಡು ಇಳಿಸಿ ನಾನೇ ನೋಡಿದ್ದೇನೆ. ಕೆಲವು ನಮ್ಮ ಮನೆಗಿಂತ ಎತ್ತರ. ದಿಬ್ಬದ ನೆತ್ತಿ ದಾಟಿದ ನೀರು ಹಿಂದಿನ ತಗ್ಗಿನಲ್ಲಿ ಸುಳಿ ಸುತ್ತಿ ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರದ ಉಬ್ಬರ ಸಾಲು ಸಾಲು ದಿಬ್ಬಗಳಿಗೆ ಎಡವುತ್ತ ಬಂದು, ನಮ್ಮೂರು ಮುಟ್ಟುವ ಹೊತ್ತಿಗೆ ದಣಿದಿರುತ್ತದೆ. ನಾವು ನೋಡುವುದು ಆ ದಣಿದ ಉಬ್ಬರವನ್ನು. ಅದಕ್ಕೆ ಎದುರು ಬರುವ ನದಿಯ ನೀರನ್ನು ಮೇಲಕ್ಕೆ ಒತ್ತುವಷ್ಟು ಮಾತ್ರ ಬಲವಿರುತ್ತದೆ.

ಇಲ್ಲಿ ಮೀನು ಸಿಗುತ್ತದೆ, ಆದರೆ ಹುಣಸೆಹುಳಿ ಇಲ್ಲ. ನಿನ್ನ ಕೈಯ ಸಾರು ನೆನಪಾಗುತ್ತದೆ.

ನಿನ್ನ
ಗಾಲಿಬ್


ಸೀಬಾ, ಜುಲೈ 2, 1964

ತಮ್ಮನಿಗೆ,

ದೇವರಿಗೆ ಬಿಡು ಅಂದೆಯಲ್ಲ, ಬಿಟ್ಟೆ ಅಂದುಕೋ. ಆದರೆ ದೇವರಿಗೂ ಕೈಕೆಲಸಕ್ಕೆ ಜನ ಬೇಕಾಗುತ್ತಾರೆ.

ಸಮುದ್ರ ದಣಿಯುತ್ತದೆ ಅಂದದ್ದು ನನಗೆ ಬಹಳ ಹಿಡಿಸಿತು. ಬೆಳಿಗ್ಗೆ ಪಾತ್ರೆ ತೊಳೆಯಲು ಮೆಟ್ಟಿಲಿಗೆ ಹೋದಾಗೆಲ್ಲ, ಎಡವಿ ಬಿದ್ದು ಬರುವ ಸಮುದ್ರವನ್ನು ನೆನೆದು ನಗು ಬರುತ್ತದೆ. ಒಂದು ಮಾತು ಕೇಳಲೇ? ಆ ದಿಬ್ಬಗಳ ತಲೆಯನ್ನು ಯಾರಾದರೂ ಬೋಳಿಸಿದರೆ ಏನಾಗುತ್ತದೆ?

ಸುಮ್ಮನೆ ಕೇಳುತ್ತಿಲ್ಲ. ಬಸ್ರಾದ ಒಬ್ಬ ಕಂತ್ರಾಟುದಾರ ಮರಳು ಹೀರುವ ದೊಡ್ಡ ದೋಣಿ ತಂದು ದಖೀಲನ ಕಟ್ಟೆಯಲ್ಲಿ ಕಟ್ಟಿದ್ದಾನೆ. ಪಟ್ಟಣದಲ್ಲಿ ಕಟ್ಟಡಗಳು ಏಳುತ್ತಿವೆ, ಮರಳು ಬೇಕಂತೆ. ದಖೀಲ್ ಹೂಂ ಅಂದರೆ ಈ ಭಾಗದಲ್ಲಿ ಯಾರೂ ತಡೆಯುವುದಿಲ್ಲ. ಅವನು ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಮೇಲಿನ ತೋಟಕ್ಕೆ ಹೊಸ ಸಸಿ ಹಾಕಿದ್ದಾನೆ, ಅಲ್ಲಿಗೆ ಉಬ್ಬರ ಹತ್ತುವುದಿಲ್ಲ. ದಿನಾ ಮರದ ಬುಡದಲ್ಲಿ ನೀರಿನ ಗುರುತು ನೋಡಿ ಶಪಿಸುತ್ತಾನೆ. "ಇನ್ನೊಂದು ಗೇಣು ಏರಕ್ಕೆ ಏನು ಧಾಡಿ ಇದಕ್ಕೆ" ಅಂತ ನದಿಯನ್ನೇ ಬಯ್ಯುತ್ತಾನೆ.

ಇನ್ನೊಂದು ಸುದ್ದಿ. ಅವನ ಮಗಳು ನಜೀಹಾ ಈಗ ನೀಲಿ ರೇಷ್ಮೆ ರುಮಾಲು ಕಟ್ಟುತ್ತಾಳೆ, ಅಂಚಿನಲ್ಲಿ ಲಂಗರಿನ ಚಿತ್ರ. ಇಂಥದ್ದು ಬಸ್ರಾದಲ್ಲಿ ಸಿಗುವುದಿಲ್ಲ ಎಂದು ಪಕ್ಕದ ಮನೆಯ ಉಮ್ ಷನಾವಾ ಹೇಳಿದಳು. ಎಲ್ಲಿ ಸಿಗುತ್ತದೆ ಎಂದು ನಿನಗೇನಾದರೂ ಗೊತ್ತೇ? ನನಗೂ ಒಂದು ಬೇಕು ಅನ್ನಿಸಿತು.

ಬದ್ರಿಯಾ


ಹ್ಯಾಂಬರ್ಗ್, ಸೆಪ್ಟೆಂಬರ್ 6, 1964

ಅಕ್ಕ,

ನೀನು ಕೇಳಿದ ಪ್ರಶ್ನೆಯನ್ನು ನಮ್ಮ ಪ್ರೊಫೆಸರರಿಗೆ ಹೇಳಿದೆ. "ನಿನ್ನ ಅಕ್ಕನನ್ನು ಇಲ್ಲಿಗೆ ಕರೆಸು, ನೀನು ವಾಪಸು ಹೋಗು" ಎಂದರು. ಅವರಿಗೆ ತಮಾಷೆ ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರ ಇದು. ದಿಬ್ಬಗಳ ನೆತ್ತಿ ಕಡಿದರೆ ತಳ ನುಣುಪಾಗುತ್ತದೆ. ಎಡವಲು ಏನೂ ಇಲ್ಲದ ಉಬ್ಬರ ಬೇಗ ಬರುತ್ತದೆ, ಎತ್ತರಕ್ಕೂ ಬರುತ್ತದೆ. ಸೀಬಾದಲ್ಲಿ ಒಂದು ಮೊಳ ಏರಿದರೂ ನನಗೆ ಆಶ್ಚರ್ಯವಿಲ್ಲ.

ಇದು ಅರ್ಧ ಮಾತು. ಉಳಿದರ್ಧ ಕೇಳು. ಉಪ್ಪುನೀರು ಭಾರ, ಅದು ತಳ ಹಿಡಿದು ಬರುತ್ತದೆ. ದಿಬ್ಬಗಳು ಅದಕ್ಕೆ ಅಡ್ಡವಾದ ಹೊಸ್ತಿಲುಗಳು. ಹೊಸ್ತಿಲು ಕಿತ್ತರೆ ಸಮುದ್ರ ನೇರ ಒಳಮನೆಗೆ ಬರುತ್ತದೆ. ವಸಂತದಲ್ಲಿ ಮೇಲಿನಿಂದ ಹಿಮ ಕರಗಿದ ನೀರು ತುಂಬಿ ಬರುವಾಗ ಏನೂ ಗೊತ್ತಾಗುವುದಿಲ್ಲ, ಎಲ್ಲ ಸಿಹಿಯಾಗಿಯೇ ಇರುತ್ತದೆ. ನದಿ ಬಡವಾಗುವ ಶರತ್ಕಾಲದಲ್ಲಿ ಗೊತ್ತಾಗುತ್ತದೆ. ಕೆಸರೂ ಅಷ್ಟೇ. ಬಲವಾದ ಉಬ್ಬರ ಹೊತ್ತು ತಂದ ಕೆಸರನ್ನು ಬಲವಿಲ್ಲದ ಇಳಿತ ವಾಪಸು ಒಯ್ಯಲಾರದು. ಅದು ಕಾಲುವೆಗಳಲ್ಲಿ ಕೂರುತ್ತದೆ.

ನಮ್ಮವರು ಉಬ್ಬರವನ್ನು ಮರದ ಬುಡದ ಗುರುತಿನಿಂದ ಅಳೆಯುತ್ತಾರೆ, ನಾಲಿಗೆಯಿಂದಲ್ಲ. ಏರಿ ಬರುವ ನೀರೆಲ್ಲ ಸಿಹಿ ಎಂದೇ ಅವರ ನಂಬಿಕೆ, ಇಲ್ಲಿಯವರೆಗೆ ಹಾಗೇ ಇತ್ತು ಕೂಡ. ಆದ್ದರಿಂದ ದಖೀಲ್ ದೊಡ್ಡಪ್ಪ ಕೇಳಿದರೆ ಖಂಡಿತ ಬೇಡವೆಂದು ಹೇಳು. ನಾನು ಹೇಳಿದ್ದೇನೆಂದು ಹೇಳು, ಕೇಳುತ್ತಾರೆ.

ಗಾಲಿಬ್


ಸೀಬಾ, ಡಿಸೆಂಬರ್ 14, 1964

ತಮ್ಮ,

ಕಾಗದ ತಲುಪಿತು. ದಖೀಲ್ ನನ್ನನ್ನು ಮುದೀಫಿಗೆ ಕರೆಸಿದ್ದ. ಹೆಂಗಸು, ಅದರಲ್ಲೂ ನಾನು, ಗಂಡಸರು ಕೂತ ಜೊಂಡಿನ ಸೂರಿನಡಿ ಕಾಲಿಟ್ಟದ್ದು ಇದೇ ಮೊದಲು. ಕಂಬದ ಪಕ್ಕ ಚಾಪೆ ಹಾಕಿಸಿದ. ಕಾಫಿಯನ್ನೂ ಕೊಡಿಸಿದ. "ಗಾಲಿಬ್ ಏನಂತಾನೆ? ಅವನು ನಮ್ಮ ಹುಡುಗ, ನಮಗೆ ಕೆಟ್ಟದ್ದು ಬಯಸಲ್ಲ" ಅಂದ.

ನೀನು ಬರೆದದ್ದನ್ನು ಹೇಳಿದೆ. ಬಹಳ ಸಂತೋಷಪಟ್ಟ. ನೀನು ದೊಡ್ಡ ಮನುಷ್ಯನಾಗುತ್ತೀಯೆಂದ.

ಇಲ್ಲಿ ಚಳಿ. ಉಮ್ ಷನಾವಾ ನಿನಗೊಂದು ಉಣ್ಣೆ ಕಾಲುಚೀಲ ಹೆಣೆಯುತ್ತಿದ್ದಾಳೆ.

ಬದ್ರಿಯಾ


ಹ್ಯಾಂಬರ್ಗ್, ಫೆಬ್ರವರಿ 1, 1965

ಪ್ರೀತಿಯ ಅಕ್ಕ,

ನಿನ್ನ ಪುಟ್ಟ ಕಾಗದ ಓದಿ ಕಣ್ಣು ತುಂಬಿತು. ದೊಡ್ಡಪ್ಪ ಕಾಫಿ ಕೊಟ್ಟರು, ನೀನು ಕುಡಿದೆ. ಅವರಿಗೆ ಅಪಾಯದ ಎಚ್ಚರಿಕೆ ಹೇಳಿದೆ, ಅವರು ಸಂತೋಷದಿಂದ ಕೇಳಿದರು. ಒಂದು ಕಾಲಕ್ಕೆ ಅವರ ತೋಟ ಒಣಗಲಿ ಎಂದಿದ್ದ ನೀನೇ ಅದನ್ನು ಉಳಿಸಿದೆ. ನಿನ್ನ ಮನಸ್ಸು ಎಷ್ಟು ದೊಡ್ಡದು.

ಬಂದಮೇಲೆ ನಿನಗೊಂದು ಸಿಹಿಸುದ್ದಿ ಹೇಳುವುದಿದೆ. ಕಾಗದದಲ್ಲಿ ಬರೆಯುವಂಥದ್ದಲ್ಲ. ನೀನು ಕಳೆದುಕೊಂಡದ್ದು ನಿನಗೆ ವಾಪಸು ಸಿಗುತ್ತದೆ, ಇಷ್ಟು ಮಾತ್ರ ಹೇಳುತ್ತೇನೆ.

ನಿನ್ನ
ಗಾಲಿಬ್


ಸೀಬಾ, ಮೇ 9, 1965

ಗಾಲಿಬ್,

ನಿನ್ನ ಹೆಸರು ಊರಲ್ಲಿ ಎಲ್ಲರ ಬಾಯಲ್ಲಿದೆ. ಚಳಿಗಾಲವಿಡೀ ಆ ದೋಣಿ ಗುರ್ ಎನ್ನುತ್ತ ನದಿಯ ತಳ ಹೀರಿತು. ಈಗ ಹಿಮದ ನೀರೂ ಬಂದಿದೆ. ಉಬ್ಬರ ಮೊದಲಿಗಿಂತ ಬೇಗ ಬರುತ್ತದೆ, ಒಂದು ಮೊಳ ಹೆಚ್ಚೇ ಏರುತ್ತದೆ, ನೀನು ಹೇಳಿದಂತೆಯೇ. ದಖೀಲನ ಮೇಲಿನ ತೋಟದ ಸಸಿಗಳು ಮೊಣಕಾಲು ನೀರಲ್ಲಿ ನಿಂತಿವೆ. ಅವನು ಕುರಿ ಕಡಿಸಿ ಊರಿಗೆಲ್ಲ ಅನ್ನ ಹಾಕಿದ. "ಗಾಲಿಬ್ ಓದಿದ್ದು ಸಾರ್ಥಕ ಆಯ್ತು, ಮರಳು ಅಂತ ನಕ್ಕೋರು ಈಗ ನಗ್ರಪ್ಪ ನೋಡೋಣ" ಅಂದ. ನನ್ನ ಮನೆಗೂ ತೊಡೆಯ ಮಾಂಸ ಕಳಿಸಿದ. ನಾನು ಅದನ್ನು ಬೆಕ್ಕುಗಳಿಗೆ ಹಾಕಿದೆ.

ಬದ್ರಿಯಾ


ಹ್ಯಾಂಬರ್ಗ್, ಮೇ 30, 1965

ಅಕ್ಕ,

ಕಡಿದರೇ? ಕಡಿಯಿರಿ ಎಂದು ಹೇಳಿದವರು ಯಾರು? ನೀನು ಬೇಡವೆಂದು ಹೇಳಿದ್ದೆಯಲ್ಲ? ಆ ಕಂತ್ರಾಟುದಾರನೇ ತಲೆ ಕೆಡಿಸಿರಬೇಕು.

ಈಗ ಒಂದೇ ದಾರಿ. ದೊಡ್ಡಪ್ಪ ತನ್ನ ಕಾಲುವೆಗಳ ಬಾಯಿಗೆ ಒಡ್ಡು ಹಾಕಬೇಕು. ಬೇಸಿಗೆ ಮುಗಿಯುವುದರೊಳಗೆ ಹಾಕಿ, ಶರತ್ಕಾಲದ ಉಬ್ಬರವನ್ನು ಒಳಗೆ ಬಿಡಬಾರದು. ಮರಗಳು ಒಂದು ಋತು ಬಾಯಾರಿದರೂ ಬದುಕುತ್ತವೆ, ಉಪ್ಪು ಕುಡಿದರೆ ಮಣ್ಣೇ ಸಾಯುತ್ತದೆ. ಈ ಕಾಗದ ಸಿಕ್ಕ ದಿನವೇ ಹೋಗಿ ಓದಿ ಹೇಳು. ಪೂರ್ತಿ ಓದು. ಕಾಲು ಹಿಡಿದು ಬೇಡುತ್ತೇನೆ.

ಗಾಲಿಬ್


ಹ್ಯಾಂಬರ್ಗ್, ಆಗಸ್ಟ್ 22, 1965

ಅಕ್ಕ, ಉತ್ತರವಿಲ್ಲ. ಹುಷಾರಾಗಿದ್ದೀಯಾ? ಒಡ್ಡು ಹಾಕಿದರೇ? ಒಂದೇ ಒಂದು ಸಾಲು ಬರೆ.


ಸೀಬಾ, ನವೆಂಬರ್ 3, 1965

ಗಾಲಿಬ್,

ನಾನು ಹುಷಾರಾಗಿದ್ದೇನೆ. ಇಷ್ಟು ವರ್ಷಗಳಲ್ಲಿ ಇಷ್ಟು ಹುಷಾರಾಗಿ ಎಂದೂ ಇರಲಿಲ್ಲ. ಬರೆಯಲು ಏನಾದರೂ ಇರಲಿ ಎಂದು ಕಾದೆ.

ಮೊದಲು ಹಳೆಯದನ್ನು ಹೇಳುತ್ತೇನೆ. ಹೋದ ಚಳಿಗಾಲ ಮುದೀಫಿನಲ್ಲಿ ದಖೀಲ್, "ದಿಬ್ಬ ತೆಗೆದ್ರೆ ನೀರು ಏರತ್ತಾ?" ಅಂತ ಕೇಳಿದ.

"ಏರತ್ತೆ ದೊಡ್ಡಪ್ಪ. ಒಂದು ಮೊಳ ಏರಿದ್ರೂ ಆಶ್ಚರ್ಯ ಇಲ್ಲ ಅಂತ ಬರೆದಿದಾನೆ" ಅಂದೆ.

"ಮೇಲಿನ ತೋಟಕ್ಕೂ ಹತ್ತತ್ತಾ?"

"ಹತ್ತತ್ತೆ."

"ಇನ್ನೇನಾದ್ರೂ ಬರೆದಿದಾನಾ?"

"ಬರೆದಿದಾನೆ. ಪೂರ್ತಿ ಓದ್ಲಾ?" ಅಂದೆ. ಕಾಗದ ಬಿಚ್ಚಿಯೂ ಇದ್ದೆ. ಅವನು ಕೈ ಆಡಿಸಿ, "ಓದಿದೋರ ಪುರಾಣ ಯಾರಿಗೆ ಬೇಕು, ಕೆಲಸದ ಮಾತು ಆಯ್ತಲ್ಲ" ಅಂದ. ನಾನು ಕಾಗದ ಮಡಿಸಿದೆ. ನೀರು ಏರುತ್ತದೆಯೇ ಎಂದು ಕೇಳಿದ. ಯಾವ ನೀರು ಎಂದು ಕೇಳಲಿಲ್ಲ.

ಇನ್ನು ನಿನ್ನ ಮೇ ತಿಂಗಳ ಕಾಗದ. ಅದು ಜೂನ್‌ನಲ್ಲೇ ಬಂತು. ಬಂದ ದಿನವೇ ಮುದೀಫಿಗೆ ಹೋದೆ. ನೀನು ಪೂರ್ತಿ ಓದು ಅಂದಿದ್ದೆ, ಪೂರ್ತಿ ಓದಿದೆ. ಎಲ್ಲ ಗಂಡಸರ ಮುಂದೆ, ಒಂದಕ್ಷರ ಬಿಡದೆ, ಗಟ್ಟಿಯಾಗಿ. ಕಾಲುವೆಯ ಬಾಯಿಗೆ ಒಡ್ಡು ಹಾಕಬೇಕು ಅನ್ನುವ ಸಾಲಿಗೆ ಬಂದಾಗ ದಖೀಲನ ಮುಖ ಹೇಗಾಯಿತು ಗೊತ್ತೇ? ಮೊದಲು ಬಿಳಿಚಿತು, ಆಮೇಲೆ ಕೆಂಪಗಾಯಿತು.

"ಒಡ್ಡು? ನನ್ನ ಕಾಲುವೆಗೆ ನಾನೇ ಒಡ್ಡು ಹಾಕ್ಕೋಬೇಕಾ?" ಅಂದ. "ಮೊದಲು ಕಡಿಯೋದೇ ಬೇಡ ಅಂದಿದ್ನಂತೆ, ಈಗ ಒಡ್ಡಂತೆ. ಇದು ಗಾಲಿಬ್ ಮಾತಲ್ಲ. ಇದು ನಿನ್ನ ಮಾತು ಕಣೇ. ನಿಮ್ಮಪ್ಪಂದು ಇನ್ನೂ ಹೊಟ್ಟೇಲಿಟ್ಕೊಂಡಿದೀಯ. ಈಗ ತಾನೇ ನೀರು ಬಂದಿದೆ, ಕಣ್ಣುರೀತಾ ಇದೆಯಾ?"

"ಬೇರೆ ಯಾರ ಕೈಲಾದ್ರೂ ಓದಿಸಿ ನೋಡಿ ದೊಡ್ಡಪ್ಪ. ಬಸ್ರಾಕ್ಕೆ ಕಳಿಸಿ" ಅಂದೆ.

"ಹೋಗೇ, ಹೋಗು. ಒಡ್ಡು ಅಂತೆ" ಅಂದ. ಎಲ್ಲರೂ ನಕ್ಕರು. ಅಷ್ಟು ಜನ ನಕ್ಕಮೇಲೆ ಅವನು ಹೇಗೆ ತಾನೇ ಒಡ್ಡು ಹಾಕಿಯಾನು? ಅಪ್ಪನ ಕಾಲುವೆಗೆ ಒಡ್ಡು ಕಟ್ಟಿದವನಿಗೆ ಜಗತ್ತಿನ ಯಾವ ಒಡ್ಡೂ ಹಗೆಯೇ ಆಗಿ ಕಾಣುತ್ತದೆ. ಬೇರೆ ಯಾರಿಗಾದರೂ ಆ ಕಾಗದ ಬಂದಿದ್ದರೆ ನಂಬುತ್ತಿದ್ದರು. ಅವನು ನಂಬಲಾರ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಸೆಪ್ಟೆಂಬರಿನಲ್ಲಿ ನದಿ ಸೊರಗಿತು, ದಕ್ಷಿಣದ ಗಾಳಿ ಎದ್ದಿತು. ಉಬ್ಬರ ಮಾತ್ರ ಕುಗ್ಗಲಿಲ್ಲ. ಮೊದಲು ಮರಗಳ ಕೆಳಗಿನ ಮೇವಿನ ಸೊಪ್ಪು ಸುಟ್ಟಂತಾಯಿತು. ಆಮೇಲೆ ದ್ರಾಕ್ಷಿಬಳ್ಳಿ. ಎಮ್ಮೆಗಳು ಕಾಲುವೆಗೆ ಬಾಯಿಟ್ಟು ತಲೆ ಕೊಡವಿದವು. ಎಲ್ಲರಿಗಿಂತ ಮೊದಲು ಗೊತ್ತಾದದ್ದು ಎಮ್ಮೆಗಳಿಗೆ. ಗೊನೆಯ ಹಣ್ಣು ಮಾಗದೆ ಮುರುಟಿ ಉದುರಿತು. ಮೇಲಿನ ತೋಟದ ಸಸಿಗಳು ಒಂದೂ ಉಳಿದಿಲ್ಲ. ನೆಲದ ಮೇಲೆ ಬಿಳಿ ಪುಡಿ ಎದ್ದಿದೆ, ಯಾರೋ ಹಿಟ್ಟು ಚೆಲ್ಲಿದ ಹಾಗೆ. ಕಾಲುವೆಯ ಬಾಯಲ್ಲಿ ನೀನು ಹೇಳಿದ ಕೆಸರೂ ಕೂತಿದೆ, ದೋಣಿ ಒಳಗೆ ಹೋಗುವುದಿಲ್ಲ. ಆ ಕಂತ್ರಾಟುದಾರ ಮರಳು ತುಂಬಿಕೊಂಡು ಎಂದೋ ಹೋದ.

ಆಳುಗಳು ಬಿಟ್ಟು ಹೋದರು. ಮೊನ್ನೆ ದಖೀಲ್ ತಾನೇ ಸನಿಕೆ ಹಿಡಿದು ಕೆಸರಿಗೆ ಇಳಿದ. ಅದೇ ಕಾಲುವೆಗೆ, ಗಾಲಿಬ್, ಅಪ್ಪ ಇಳಿದದ್ದಕ್ಕೇ. ನಾನು ದಡದ ಮೇಲೆ ನಿಂತೆ. ಅವನು ನಿಂತಿದ್ದ ಜಾಗ ಯಾವುದೆಂದು ನನಗೆ ನೆನಪಿತ್ತು, ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಅವನ ಕೈ ಸೋತಿತು, ಮಂಡಿಯೂರಿ ಕೂತ. ತಲೆ ಎತ್ತಿ, "ಕುಡಿಯಕ್ಕೆ ನೀರು ಕೊಡೇ ಬದ್ರಿಯಾ" ಅಂದ. ಮನೆಯ ಗುಡಾಣದಿಂದ ತಂದು ಕೊಟ್ಟೆ. ಒಂದು ಗುಟುಕು ಕುಡಿದು ಉಗಿದ.

"ನನ್ನ ಮನೇಲೂ ಇದೇ ನೀರು ದೊಡ್ಡಪ್ಪ" ಅಂದೆ.

ಅವನು ಅತ್ತ. ನನಗೆ ಕನಿಕರ ಬರಲಿಲ್ಲ. ಬರಬಹುದೇನೋ ಎಂದು ಕಾದು ನೋಡಿದೆ, ಬರಲಿಲ್ಲ.

ಅಪ್ಪನ ಗೋರಿಗೆ ಹೋಗಿ ಹೇಳಿ ಬಂದಿದ್ದೇನೆ. ನಿನ್ನ ಪಾಲಿನ ಮಾತನ್ನೂ ನಾನೇ ನಡೆಸಿದೆ ಎಂದು ಹೇಳಿದೆ.

ಬದ್ರಿಯಾ


ಹ್ಯಾಂಬರ್ಗ್, ಡಿಸೆಂಬರ್ 5, 1965

ಬದ್ರಿಯಾ,

ನಿನ್ನ ಕಾಗದ ಓದಿದೆ. ನಾನು ಕಲಿತದ್ದನ್ನು ಪ್ರೀತಿಯಿಂದ ನಿನಗೆ ಹೇಳಿಕೊಟ್ಟೆ. ನೀನು ಅದನ್ನು ಚೂರಿ ಮಾಡಿಕೊಂಡೆ.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳು. ನಾನು ಹಡಗು ಹತ್ತುವ ಹಿಂದಿನ ದಿನ ದೊಡ್ಡಪ್ಪ ಬಸ್ರಾಕ್ಕೆ ಬಂದಿದ್ದರು. ನಜೀಹಾಳನ್ನು ನನಗೆ ಕೊಡುತ್ತೇನೆಂದರು. ಕೈ ಹಿಡಿದು ಫಾತಿಹಾ ಓದಿದೆವು, ಸಂಬಂಧ ಗಟ್ಟಿಯಾಯಿತು. ಅವಳ ಪಾಲಿಗೆ ಅಪ್ಪನ ತೋಟ ಎಂದು ಮಾತಾಯಿತು. ರಕ್ತವಿಲ್ಲದೆ, ಜಗಳವಿಲ್ಲದೆ, ಅಪ್ಪನ ಮರಗಳು ನಮ್ಮ ಮನೆಗೆ ವಾಪಸು ಬರುತ್ತಿದ್ದವು. ಅದೇ ಆ ಸಿಹಿಸುದ್ದಿ. ನಿನಗೆ ಮೊದಲೇ ಹೇಳಿದರೆ ಆ ಮನೆಯ ಹೆಣ್ಣೇ ಎಂದು ಕೂಗಾಡುತ್ತೀಯೆಂದು ಹೆದರಿ ಸುಮ್ಮನಿದ್ದೆ. ಕೀಲಿಕೈ ನಿನ್ನ ಕೈಗೆ ಕೊಟ್ಟು ಆಮೇಲೆ ಹೇಳೋಣ ಎಂದುಕೊಂಡಿದ್ದೆ.

ನೀನು ಒಣಗಿಸಿದ್ದು ಅವರ ತೋಟವನ್ನಲ್ಲ. ನಮ್ಮದನ್ನು. ಉಮ್ ಷನಾವಾಳ ಬೆಂಡೆಕಾಯಿ ಮಡಿ ಏನಾಯಿತು? ಅಂಗಳದ ಬರ್ಹೀ ಮರ ಏನಾಯಿತು? ಅವರೆಲ್ಲ ನಿನಗೆ ಏನು ಮಾಡಿದ್ದರು? ತಿಳಿಯದೆ ನೀನು ಅಪ್ಪನನ್ನು ಇನ್ನೊಮ್ಮೆ ಕೊಂದೆ.

ಓದು ಮುಗಿಯಿತು. ಫೆಬ್ರವರಿಯ ಹಡಗಿಗೆ ಹೊರಡುತ್ತೇನೆ. ನಿನ್ನ ಮುಖ ಹೇಗೆ ನೋಡಲಿ ಎಂದು ನನಗೆ ತಿಳಿಯುತ್ತಿಲ್ಲ.

ಗಾಲಿಬ್


ಸೀಬಾ, ಜನವರಿ 8, 1966

ತಮ್ಮ ಗಾಲಿಬ್,

ಬೈದೆ, ಒಳ್ಳೆಯದಾಯಿತು. ಇಬ್ಬರಲ್ಲಿ ಒಬ್ಬರಾದರೂ ಮನಸ್ಸಿನಲ್ಲಿದ್ದದ್ದನ್ನು ಬರೆದ ಹಾಗಾಯಿತು.

ಉಮ್ ಷನಾವಾಳ ಬೆಂಡೆ ಸತ್ತದ್ದಕ್ಕೆ ನನಗೆ ನಾಚಿಕೆ ಇದೆ. ಅವಳ ಮುಂದೆ ತಲೆ ಎತ್ತುವುದಿಲ್ಲ. ಸಿಹಿನೀರು ಮಾರುವ ದೋಣಿ ಬಂದಾಗ ಅವಳ ಕೊಡವನ್ನು ನಾನೇ ಹೊತ್ತು ತಂದುಕೊಡುತ್ತೇನೆ, ಯಾಕೆಂದು ಅವಳಿಗೆ ಗೊತ್ತಿಲ್ಲ. ಬರ್ಹೀ ಮರದ ಸುಳಿ ಒಣಗಿದೆ. ಅದಕ್ಕೆ ಎರಡು ರಾತ್ರಿ ಅತ್ತೆ. ಬೇರೆ ಯಾವುದಕ್ಕೂ ನಾಚಿಕೆಯಿಲ್ಲ, ಅಳುವೂ ಇಲ್ಲ.

ತಿಳಿಯದೆ ಮಾಡಿದೆ ಎಂದು ಬರೆದಿದ್ದೀಯ. ಅದೊಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ, ಅದಕ್ಕೇ ಈ ಕಾಗದ.

ನನಗೆ ಗೊತ್ತಿತ್ತು ಗಾಲಿಬ್. ಎರಡು ಬೇಸಿಗೆಯ ಹಿಂದೆ ಆ ನೀಲಿ ರುಮಾಲು ನೋಡಿದ ದಿನ ನಜೀಹಾಳನ್ನೇ ಕರೆದು ಕೇಳಿದೆ. ಪಾಪದ ಹುಡುಗಿ, ನಾಚಿ ನಾಚಿ ಎಲ್ಲ ಹೇಳಿದಳು. ನೀನು ಕಳಿಸಿದ ರುಮಾಲನ್ನು ಹಡಗಿನ ಆಳು ತಂದುಕೊಟ್ಟದ್ದು, ಫಾತಿಹಾ ಓದಿದ್ದು, ಅಪ್ಪನ ತೋಟ ಅವಳ ಪಾಲಿಗೆ ಬರುವುದು. "ಅತ್ತಿಗೆ, ನಿಮಗೆ ಗೊತ್ತಿಲ್ವಾ?" ಅಂದಳು. ಆದರೂ ನೀನೇ ಹೇಳಲಿ ಎಂದು ನಿನಗೊಂದು ಅವಕಾಶ ಕೊಟ್ಟೆ. ಅಂಥ ರುಮಾಲು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ನೀನು ಉಪ್ಪಿನ ಬಗ್ಗೆ ಪುಟಗಟ್ಟಲೆ ಬರೆದೆ, ರುಮಾಲಿನ ಬಗ್ಗೆ ಒಂದು ಸಾಲೂ ಇಲ್ಲ. ಏಪ್ರಿಲ್‌ನಲ್ಲಿ ಅವನು ನಿನಗೆ "ಆ ಮನುಷ್ಯ" ಆಗಿದ್ದ. ಸೆಪ್ಟೆಂಬರಿಗೆ "ದೊಡ್ಡಪ್ಪ" ಆದ. ಆ ಕಾಗದ ಓದಿ ಮುಗಿಸಿದಾಗ ನನ್ನ ತೀರ್ಮಾನವೂ ಮುಗಿಯಿತು.

ನನ್ನ ಮದುವೆಗೆ ಬೇಡವೆಂದ ಬಾಯಿಂದಲೇ ನಿನ್ನ ಮದುವೆಗೆ ಹೂಂ ಎನಿಸಿಕೊಂಡೆ. ಫಾತಿಹಾ ಓದುವ ಮುಂಚೆ "ಮೊದಲು ಅಕ್ಕನ ಮೇಲಿನ ನಹ್ವಾ ಎತ್ತಿ" ಎಂದು ಒಂದು ಮಾತು ಕೇಳಿದೆಯಾ? ಕೇಳಿದ್ದರೆ ಬರೆಯುತ್ತಿದ್ದೆ. ತೋಟ ಕೇಳಿದೆ. ಅಪ್ಪ ಬಿದ್ದ ದಡದಲ್ಲಿ ನೀನು ದಖೀಲನ ಅಳಿಯನಾಗಿ ದಿಂಬಿಗೆ ಒರಗಿ ಕೂರುವುದು, ನಾನು ನಿಮ್ಮಿಬ್ಬರಿಗೂ ಚಹಾ ತಂದುಕೊಡುವುದು. ಇದನ್ನು ನನಗೆ ವಾಪಸು ಸಿಗುವುದು ಎಂದು ಬರೆದೆ.

ಅವನ ತೋಟ ಒಣಗಲಿ ಎಂದು ಹೇಳಿದ್ದೆ. ಅಷ್ಟರಲ್ಲಿ ಅದು ನಿನ್ನ ತೋಟವೂ ಆಗಿತ್ತು. ಒಂದೇ ಉಬ್ಬರ ಸಾಕಾಯಿತು.

ಅಂದಹಾಗೆ, ದಖೀಲ್ ಕಳೆದ ವಾರ ಮನೆ ಬಾಗಿಲಿಗೆ ಬಂದು, ನಹ್ವಾ ಎತ್ತಿದ್ದೇನೆ ಎಂದು ಹೇಳಿ ಹೋದ. ಯಾರೂ ಕೇಳಿರಲಿಲ್ಲ. ಯಾಕೂಬನ ಮಗಳಿಗೇ ಈಗ ವರ ನೋಡುತ್ತಿದ್ದಾರೆ. ನಜೀಹಾಳನ್ನು ಮದುವೆಯಾಗುವುದಾದರೆ ಆಗು, ಹುಡುಗಿ ಒಳ್ಳೆಯವಳು, ನಾನು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ನಮ್ಮ ಮನೆಯ ಪದ್ಧತಿಯಲ್ಲ.

ಊರಿಗೆ ಬಂದ ದಿನ ನೇರ ಮನೆಗೆ ಬಾ. ಮೀನು ತಂದಿಟ್ಟಿರುತ್ತೇನೆ, ಹುಣಸೆಹುಳಿಯೂ ಇದೆ. ಸಾರಿಗೆ ನಾನೀಗ ಉಪ್ಪು ಹಾಕುವುದಿಲ್ಲ, ನಮ್ಮ ನೀರಲ್ಲೇ ಇದೆ.

ನಿನ್ನ ಅಕ್ಕ
ಬದ್ರಿಯಾ